ಮನೆಯಲ್ಲಿ ಬರ್ನ್ ಮಾಡಿದ ಡಿವಿಡಿ ಬೀಗರ ಮನೆಯ ಪ್ಲೇಯರಿನಲ್ಲೂ ಓಡಬೇಕಾದರೆ

‘ವೆರಿಫೈ ಓಕೆ’ ಅಂತ ಬಂದರೆ ಡಿಸ್ಕ್ ಸರಿಯಿದೆ ಎಂಬುದು ಹೆಚ್ಚಿನವರ ಲೆಕ್ಕ. ಡಿಸ್ಕ್ ಬರೆಯುವ ತಂತ್ರಾಂಶ ಇಮ್ಗ್‌ಬರ್ನ್‌ನ ವೆರಿಫೈ (ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವುದು) ಹೇಳುವುದು ಇಷ್ಟೇ: ಬರೆದ ಡ್ರೈವು ತಾನು ಬರೆದದ್ದನ್ನು ತಾನೇ ಓದಿಕೊಂಡಿತು. ಇಂಡಿಯಲ್ಲೋ ಸಿಂದಗಿಯಲ್ಲೋ ಬೀಗರ ಮನೆಯ ಟಿವಿ ಕೆಳಗೆ ವರ್ಷಗಟ್ಟಲೆ ಧೂಳು ತಿಂದು ಕೂತ ಪ್ಲೇಯರು ಅದನ್ನು ಓದುತ್ತದೆಯೇ ಎಂಬುದು ಬೇರೆ ಮಾತು. ವಿಜಯಪುರದಲ್ಲಿ ಮದುವೆ, ಜವಳ, ಕುಬಸದ ವಿಡಿಯೊಗಳನ್ನು ಡಿವಿಡಿ ಮಾಡಿಕೊಡುವಾಗ ಇವೆರಡನ್ನೂ ನಾನು ಬೇರೆಬೇರೆಯಾಗಿ ನೋಡುತ್ತೇನೆ.

ಮೊದಲು ಎರರ್ ಎಣಿಕೆ. ಡಿವಿಡಿಯಲ್ಲಿ ಮಾಹಿತಿ 32 ಕೆಬಿಯ ಬ್ಲಾಕ್‌ಗಳಾಗಿ ಕೂತಿರುತ್ತದೆ, ಬ್ಲಾಕಿಗೆ 16 ಸೆಕ್ಟರು. ತಪ್ಪು ತಿದ್ದಿಕೊಳ್ಳಲು ಅಡ್ಡಸಾಲಿಗೊಂದು, ಉದ್ದಸಾಲಿಗೊಂದು ಹೆಚ್ಚುವರಿ ಬೈಟುಗಳ ಕಟ್ಟು ಇರುತ್ತದೆ. ಅಡ್ಡಸಾಲಿನಲ್ಲಿ ತಪ್ಪು ಕಂಡರೆ ಅದು ಪಿಐಇ. ಅಲ್ಲೇ ತಿದ್ದಲಾಗದೆ ಉಳಿದರೆ ಪಿಐಎಫ್. ಉದ್ದಸಾಲಿನಿಂದಲೂ ತಿದ್ದಲಾಗದಿದ್ದರೆ ಪಿಒಎಫ್. ಚಿತ್ರ ಚೌಕಚೌಕವಾಗಿ ಒಡೆಯುವುದು, ಪ್ಲೇಯರು ನಿಂತೇಬಿಡುವುದು ಆಗಲೇ. ತಪ್ಪೇ ಇಲ್ಲದ ಡಿಸ್ಕ್ ಎಂಬುದಿಲ್ಲ. ಸತತ 8 ಬ್ಲಾಕ್‌ಗಳಲ್ಲಿ ಪಿಐಇ 280 ದಾಟಬಾರದು, ಒಂದು ಬ್ಲಾಕಿನಲ್ಲಿ ಪಿಐಎಫ್ 4 ದಾಟಬಾರದು, ಪಿಒಎಫ್ ಒಂದೂ ಇರಬಾರದು. ಆದರೆ 280 ಎನ್ನುವುದು ತೇರ್ಗಡೆಯ ಅಂಕ. ಹಳೆಯ ಪ್ಲೇಯರಿಗೆ ಹೋಗುವ ಡಿಸ್ಕಿನಲ್ಲಿ ಅದು 100ರ ಮೇಲೆ ಏರಿದರೇ ನಾನು ಕೊಡುವುದಿಲ್ಲ.

ಈ ಎಣಿಕೆಯನ್ನು ಎಲ್ಲ ಡ್ರೈವುಗಳೂ ಹೊರಗೆ ಕೊಡುವುದಿಲ್ಲ. ಹಳೆಯ ಲೈಟಾನ್ ಡ್ರೈವು ಸಿಕ್ಕರೆ ಬಿಡಬೇಡಿ. ಡಿಸ್ಕ್ ಪರೀಕ್ಷಿಸುವ ತಂತ್ರಾಂಶ ನೀರೊ ಡಿಸ್ಕ್‌ಸ್ಪೀಡ್‌ನಲ್ಲಿ ಅದು ಚೆನ್ನಾಗಿ ಎಣಿಸಿ ತೋರಿಸುತ್ತದೆ. ಸ್ಕ್ಯಾನ್ ವೇಗವನ್ನು ಒಮ್ಮೆ 8ಎಕ್ಸ್ (ಮೂಲ ವೇಗದ ಎಂಟು ಪಟ್ಟು) ಎಂದಿಟ್ಟರೆ ಯಾವಾಗಲೂ 8ಎಕ್ಸ್. ಡ್ರೈವು ಅಥವಾ ವೇಗ ಬದಲಾದರೆ ಒಂದು ಗ್ರಾಫನ್ನು ಇನ್ನೊಂದಕ್ಕೆ ಹೋಲಿಸುವಂತಿಲ್ಲ. ಅಂಥ ಡ್ರೈವು ಇಲ್ಲದವರು ಓದುವ ವೇಗವನ್ನು ಗೆರೆಯಾಗಿ ತೋರಿಸುವ ಟ್ರಾನ್ಸ್‌ಫರ್ ರೇಟ್ ಪರೀಕ್ಷೆಯನ್ನು, ಬರೆದ ಡ್ರೈವಿನಲ್ಲಲ್ಲದೆ ಬೇರೊಂದು ಲ್ಯಾಪ್‌ಟಾಪಿನ ತೆಳು ಡ್ರೈವಿನಲ್ಲಿ ಓಡಿಸಲಿ. ಗೆರೆ ಒಳಗಿನಿಂದ ಹೊರಗೆ ಸಮನಾಗಿ ಏರುತ್ತ ಹೋಗಬೇಕು. ಕೊನೆಯಲ್ಲಿ ಗರಗಸದ ಹಲ್ಲಿನಂತೆ ಏರಿಳಿದರೆ ಅಲ್ಲಿ ಡ್ರೈವು ಓದಲು ತಿಣುಕುತ್ತಿದೆ.

ತೊಂದರೆ ಹೆಚ್ಚಾಗಿ ಹೊರ ಅಂಚಿನದೇ. ಡಿಸ್ಕ್ ಒಳಗಿನಿಂದ ಹೊರಕ್ಕೆ ಬರೆಯಲ್ಪಡುತ್ತದೆ. ಬಣ್ಣದ ಲೇಪನ ಏರುಪೇರಾಗುವುದು, ತಟ್ಟೆ ಸ್ವಲ್ಪ ಬಾಗಿರುವುದು, ಬೆರಳು ತಾಗುವುದು ಎಲ್ಲ ಅಂಚಿನಲ್ಲೇ. ಅದಕ್ಕೆ ಕಂಪ್ಯೂಟರು 4.38 ಜಿಬಿ ಜಾಗ ತೋರಿಸಿದರೂ ನಾನು 4.1ಕ್ಕೆ ನಿಲ್ಲಿಸುತ್ತೇನೆ. 16ಎಕ್ಸ್ ಖಾಲಿ ಡಿಸ್ಕನ್ನು 8ಎಕ್ಸ್‌ನಲ್ಲಿ ಬರೆಯುತ್ತೇನೆ. ತೀರಾ ನಿಧಾನವೂ ಒಳ್ಳೆಯದಲ್ಲ, ಲೇಪನ ಆ ವೇಗಕ್ಕೆಂದು ಮಾಡಿದ್ದಲ್ಲ. ಬಿಡಿಯಾಗಿ ಮಾರುವ 50ರ ಡಬ್ಬಿಯಿಂದ ತಂದಾಗ ಮೇಲಿನ ಹೆಸರನ್ನು ನಂಬದೆ, ಇಮ್ಗ್‌ಬರ್ನ್ ತೋರಿಸುವ ಮೀಡಿಯಾ ಕೋಡ್ (ಡಿಸ್ಕ್ ಮಾಡಿದವರ ಗುರುತು) ಬರೆದಿಟ್ಟುಕೊಳ್ಳಿ. ಒಂದೇ ಬ್ರಾಂಡಿನ ಡಬ್ಬಿಯೊಳಗೆ ಬೇರೆಬೇರೆ ಕಾರ್ಖಾನೆಯ ಮಾಲು ಇರುತ್ತದೆ. ಹೊಸ ಕೋಡ್ ಬಂದರೆ ಮೊದಲೆರಡು ಡಿಸ್ಕ್ ಪೂರ್ತಿ ಸ್ಕ್ಯಾನ್, ಆಮೇಲೆ ಹತ್ತಕ್ಕೊಂದು ಸಾಕು. ಬರ್ನ್ ಆಗುವಾಗ ಕರೆಂಟ್ ಹೋದರೆ ಡಿಸ್ಕ್ ಹೋಯಿತೆಂದೇ ಲೆಕ್ಕ, ಯುಪಿಎಸ್ ಇಲ್ಲದೆ ಕೂರಬೇಡಿ.

ಇನ್ನು ಪ್ಲೇಯರಿನ ಕಡೆ. ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕುಗಳಲ್ಲಿ ಡಿವಿಡಿ-ಆರ್, ಡಿವಿಡಿ+ಆರ್ ಎಂದು ಎರಡು ಬಗೆ. ಹಳೆಯ ಪ್ಲೇಯರಿಗೆ ಡಿವಿಡಿ-ಆರ್ ಸಾಮಾನ್ಯವಾಗಿ ಸುರಕ್ಷಿತ. ಡಿವಿಡಿ+ಆರ್ ಇದ್ದರೆ ಡ್ರೈವು ಒಪ್ಪಿದರೆ ಬುಕ್‌ಟೈಪನ್ನು (ತಾನು ಯಾವ ಬಗೆಯ ಡಿಸ್ಕ್ ಎಂದು ಪ್ಲೇಯರಿಗೆ ಹೇಳುವ ಗುರುತು) ಡಿವಿಡಿ-ರಾಮ್ (DVD-ROM) ಎಂದು ಬದಲಿಸಿ. ‘ನೋ ಡಿಸ್ಕ್’ ಎನ್ನುತ್ತಿದ್ದ ಕೆಲವು ಪ್ಲೇಯರುಗಳು ಅದರಿಂದಲೇ ಓಡುತ್ತವೆ. ಡಿವಿಡಿ-ಆರ್‌ಗೆ ಈ ಬದಲಾವಣೆ ಸಾಧ್ಯವಿಲ್ಲ. ಅಳಿಸಿ ಮತ್ತೆ ಬರೆಯುವ ಆರ್‌ಡಬ್ಲ್ಯು ಬೇಡವೇ ಬೇಡ: ಅದರ ಪ್ರತಿಫಲನ 18ರಿಂದ 30 ಶೇಕಡಾ ಮಾತ್ರ, ಒಂದೇ ಪದರದ ಆರ್ ಡಿಸ್ಕಿನದು 45ಕ್ಕೂ ಹೆಚ್ಚು. ಡಿಸ್ಕ್ ಫೈನಲೈಸ್ (ಬರೆದು ಮುಗಿಸಿ ಮುಚ್ಚುವುದು) ಆಗಿರಲೇಬೇಕು. ಫೋಲ್ಡರಿನ ಹೆಸರು ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ VIDEO_TS, ಫೈಲ್ ಸಿಸ್ಟಮ್ ಯುಡಿಎಫ್ 1.02 ಮತ್ತು ಐಎಸ್‌ಒ ಜೊತೆಗೆ. ಚಿತ್ರ ನಮ್ಮ ಟಿವಿಗಳ ಪಾಲ್ (PAL) ಪದ್ಧತಿಯದು, 720×576, ಸೆಕೆಂಡಿಗೆ 25 ಫ್ರೇಮು. ಚಿತ್ರಕ್ಕೆ ನಿಯಮ ಸೆಕೆಂಡಿಗೆ 9.8 ಮೆಗಾಬಿಟ್‌ವರೆಗೆ ಬಿಡುತ್ತದೆ. ಬರ್ನ್ ಮಾಡಿದ ಡಿಸ್ಕಿಗೆ 8ರ ಗರಿಷ್ಠ ಸಾಕು. ಒಂದೂವರೆ ಗಂಟೆಯ ಮದುವೆ ಸರಾಸರಿ 6ರಲ್ಲಿ ಸುಲಭವಾಗಿ ಕೂರುತ್ತದೆ, ಧ್ವನಿಗೆ 192 ಕಿಲೋಬಿಟ್ ಎಸಿ-3.

ಡಿಸ್ಕ್ ಮರಳಿ ಬಂದಾಗ ಮೊದಲ ಪ್ರಶ್ನೆ: ಎಲ್ಲಿ ನಿಲ್ಲುತ್ತದೆ? ಶುರುವಿನಲ್ಲೇ ಗುರುತಿಸದಿದ್ದರೆ ಬುಕ್‌ಟೈಪ್, ಫೈನಲೈಸ್ ಅಥವಾ ಸವೆದ ಲೆನ್ಸ್. ಕೊನೆಯ ಹತ್ತು ನಿಮಿಷದಲ್ಲಾದರೆ ಅಂಚಿನ ಎರರ್. ನಡೆಯುವ ಮಂದಿ, ಅಕ್ಷತೆ ಹಾಕುವ ಕೈ ಕದಲುವಾಗ ಮಾತ್ರ ಚಿತ್ರ ನಡುಗಿದರೆ ಡಿಸ್ಕನ್ನು ಬೈಯಬೇಡಿ, ಫೀಲ್ಡ್ ಆರ್ಡರ್ ತಿರುಗಿದೆ; ಅಂದರೆ ಪ್ರತಿ ಫ್ರೇಮಿನ ಎರಡು ಅರ್ಧಗಳು (ಫೀಲ್ಡ್‌ಗಳು) ಹಿಂದುಮುಂದಾಗಿವೆ. ಡಿವಿ ಟೇಪಿನದು ಕೆಳ ಫೀಲ್ಡ್ ಮೊದಲು. ಸಂಶಯ ಬಂದರೆ ಡಿಸ್ಕಿನಲ್ಲಿ ವಿಡಿಯೊ ಇರುವ ಆ ವಿಒಬಿ (VOB) ಫೈಲನ್ನು ಹಾರ್ಡ್‌ಡಿಸ್ಕಿಗೆ ನಕಲಿಸಿ ಓಡಿಸಿ. ಅಲ್ಲೂ ಸಿಕ್ಕಿಕೊಂಡರೆ ದೋಷ ಎನ್‌ಕೋಡಿನದು (ವಿಡಿಯೊವನ್ನು ಡಿವಿಡಿ ರೂಪಕ್ಕೆ ಬದಲಿಸಿದ ಹಂತದ್ದು), ಮತ್ತೆ ಬರ್ನ್ ಮಾಡಿ ಉಪಯೋಗವಿಲ್ಲ.

ಕಾಗದದ ಲೇಬಲ್ ಅಂಟಿಸಿದ ಡಿಸ್ಕ್ ತಿರುಗುವಾಗ ಓಲಾಡುತ್ತದೆ, ನಮ್ಮ ಕಡೆಯ ಬೇಸಿಗೆಯಲ್ಲಿ ಅಂಟು ಬಿಟ್ಟು ಒಳಗೇ ಸಿಕ್ಕಿಕೊಳ್ಳಲೂಬಹುದು. ಹೆಸರನ್ನು ಡಿಸ್ಕಿಗೆಂದೇ ಬರುವ ಪೆನ್ನಿನಿಂದ ನಡುವಿನ ಪಾರದರ್ಶಕ ಬಳೆಯ ಮೇಲೆ ಬರೆಯಿರಿ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ, ಗುಂಡಗೆ ತಿರುಗಿಸುತ್ತ ಅಲ್ಲ. ಗುಂಡಗೆ ಬಿದ್ದ ಗೀರು ಒಂದೇ ಟ್ರ್ಯಾಕಿನ ಗುಂಟ ಸಾಗಿ, ತಿದ್ದುಪಡಿ ಬೈಟುಗಳನ್ನೂ ಜೊತೆಗೇ ಕೆಡಿಸುತ್ತದೆ.