ಒಂದೇ ಎರೆಮಣ್ಣಿನ ಮೇಲೆ ನಾಲ್ಕು ಸುಲ್ತಾನರು: ಮಿತ್ರಸೈನ್ಯ ಕಟ್ಟಿದ ನನ್ನ ಅನುಭವ

ಅಹ್ಮದ್‌ನಗರದ ಹುಸೇನ್ ನಿಜಾಮ್‌ಶಾ ತನ್ನ ಮಗಳು ಚಾಂದಬೀಬಿಯನ್ನು ಬಿಜಾಪುರದ ಅಲಿ ಆದಿಲ್‌ಶಾನಿಗೆ ಮದುವೆ ಮಾಡಿಕೊಟ್ಟಾಗ ಬಳುವಳಿಯಾಗಿ ಕೊಟ್ಟದ್ದು ನಮ್ಮೂರಾದ ಸೊಲ್ಲಾಪುರದ ಕೋಟೆಯನ್ನು. ಎರಡೂ ಮನೆತನಗಳು ಬಹುಕಾಲ ಜಗಳವಾಡಿದ್ದ ಕೋಟೆ ಅದು. ಆ ಸಂಬಂಧದ ಬೆನ್ನಿಗೇ ಗೋಲ್ಕೊಂಡ ಮತ್ತು ಬೀದರಗಳೂ ಕೂಡಿಕೊಂಡು, 1565ರ ಜನವರಿಯಲ್ಲಿ ರಕ್ಕಸತಂಗಡಿಯಲ್ಲಿ ವಿಜಯನಗರದ ರಾಮರಾಯನ ಎದುರು ನಿಂತವು. ದಖ್ಖನಿನ ಐದನೆಯ ಸುಲ್ತಾನಿಕೆಯಾದ ಬೀರಾರ ಬರಲಿಲ್ಲ. ಕಿರುಬೊಂಬೆಗಳ ಯುದ್ಧದಾಟ ಆಡುವ ನನಗೆ ಈ ನಾಲ್ವರ ಸೈನ್ಯವನ್ನು ಒಂದೇ ಮೇಜಿನ ಮೇಲೆ ಕಟ್ಟಬೇಕೆಂಬ ಆಸೆ ಹುಟ್ಟಿದ್ದು, ಸಂಜೆ ಆ ಕೋಟೆಯ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ಈ ಕಥೆ ನೆನಪಾಗುತ್ತಿದ್ದುದರಿಂದ.

ನಾನು ಆರಿಸಿಕೊಂಡದ್ದು 15 ಮಿಲಿಮೀಟರ್ ಅಳತೆಯ ಲೋಹದ ಬೊಂಬೆಗಳನ್ನು. ಬೊಂಬೆಗಳನ್ನು ಅಂಟಿಸಿ ನಿಲ್ಲಿಸುವ ಅಡಿಹಲಗೆಗೆ ಬೇಸು ಎನ್ನುತ್ತೇವೆ; ಪ್ರತಿ ಬೇಸಿನ ಮುಖ 40 ಮಿಲಿಮೀಟರ್ ಅಗಲ. ಒಟ್ಟು 36 ಬೇಸುಗಳೆಂದು ಲೆಕ್ಕ ಹಾಕಿದೆ. ಮೊದಲ ಸಲ ನಾನು ಮಾಡಿದ ತಪ್ಪೆಂದರೆ ಪ್ರತಿಯೊಬ್ಬರ ಬಳಿಯಿದ್ದ ಅತ್ಯುತ್ತಮವಾದುದನ್ನಷ್ಟೇ ಆಯ್ದುಕೊಂಡದ್ದು. ನಿಜಾಮ್‌ಶಾನ ತೋಪು, ಆದಿಲ್‌ಶಾನ ಕುದುರೆದಳ, ಗೋಲ್ಕೊಂಡದ ಕುತುಬ್‌ಶಾನ ಕಾಲಾಳು ಎಲ್ಲವೂ ಒಬ್ಬನೇ ಸೇನಾಪತಿಯ ಒಂದೇ ದಾಳಕ್ಕೆ ಚಲಿಸುತ್ತಿದ್ದವು. ಮೂರು ಆಟಗಳಲ್ಲಿ ಮೂರನ್ನೂ ಗೆದ್ದೆ. ಎದುರಿಗೆ ವಿಜಯನಗರವನ್ನು ಆಡಿಸುತ್ತಿದ್ದ ನನ್ನ ಅಣ್ಣನ ಮಗ ಮೂರನೆಯ ಆಟದ ಕೊನೆಯಲ್ಲಿ, “ಕಾಕಾ, ನಿನ್ನೆ ಮೊನ್ನೆ ತನಕಾ ಬಡದಾಡಿದವರು ಒಬ್ಬರ ಮಾತು ಒಬ್ಬರು ಇಷ್ಟು ಲಗೂ ಹೆಂಗ ಕೇಳತಾರ?” ಎಂದು ಕೇಳಿದ. ಅವನ ಪ್ರಶ್ನೆ ಸರಿಯಾಗಿತ್ತು. ಕೆಲವೇ ವರ್ಷ ಹಿಂದೆ ಇದೇ ಅಲಿ ಆದಿಲ್‌ಶಾ ರಾಮರಾಯನ ಜೊತೆಗೂಡಿ ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ. ಇಬ್ರಾಹಿಂ ಕುತುಬ್‌ಶಾನಂತೂ ಪಟ್ಟಕ್ಕೆ ಬರುವ ಮುನ್ನ ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದಿದ್ದವನು. ಇಂಥ ನಾಲ್ವರು ಕೂಡಿದ ಸೈನ್ಯದಲ್ಲಿ ಆ ಹೊಲಿಗೆ ಎದ್ದು ಕಾಣಬೇಕು, ಒತ್ತಡ ಬಿದ್ದಾಗ ಅಲ್ಲಿ ನೂಲು ಸಡಿಲವಾಗಬೇಕು ಎಂಬುದು ನನಗೆ ಆಗ ಹೊಳೆಯಿತು.

ದಾರಿ ತೋರಿಸಿದ್ದೂ ಅಣ್ಣನ ಮಗನ ಆಟವೇ. ಅವನು ವಾರ್‌ಹ್ಯಾಮರ್ 40,000 ಎಂಬ ಕಿರುಬೊಂಬೆಗಳ ಯುದ್ಧದಾಟ ಆಡುತ್ತಾನೆ. 2012ರಲ್ಲಿ ಬಂದ ಅದರ ಆರನೆಯ ಆವೃತ್ತಿಯಲ್ಲಿ ಯಾವ ಪಂಗಡ ಯಾವುದರೊಡನೆ ಎಷ್ಟು ನಂಬಿಕೆಯಿಂದ ಕೂಡಬಹುದೆಂಬುದಕ್ಕೆ ಒಂದು ಕೋಷ್ಟಕವಿತ್ತು: ಮೇಲಿನ ದರ್ಜೆಯವರು ಸ್ವಂತ ಅಣ್ಣತಮ್ಮಂದಿರಂತೆ ಹೋರಾಡಬಲ್ಲರು, ಬೇರೆ ದಾರಿಯಿಲ್ಲದೆ ಕೂಡಿದವರಾದರೋ ಪರಸ್ಪರ ಆರು ಇಂಚಿನೊಳಗೆ ಬಂದರೆ ದಾಳ ಉರುಳಿಸಬೇಕು, ಒಂದು ಬಿದ್ದರೆ ಆ ದಳ ಆ ಸರದಿಯಲ್ಲಿ ಏನೂ ಮಾಡದೆ ಪಕ್ಕದವನ ಮೇಲೆ ಕಣ್ಣಿಟ್ಟು ನಿಲ್ಲುತ್ತದೆ. 2017ರ ಎಂಟನೆಯ ಆವೃತ್ತಿಯಲ್ಲಿ ಎಲ್ಲಕ್ಕೂ ಸಮಾನವಾದ ಒಂದು ಕೀವರ್ಡ್ (ಗುರುತಿನ ಪದ) ಇದ್ದರೆ ಸಾಕು, ಹಲವು ಪಂಗಡಗಳನ್ನು ಕೂಡಿಸಬಹುದೆಂದಾಯಿತು; ಮೂವತ್ತೆರಡು ಅಗ್ಗದ ಕಾಲಾಳುಗಳನ್ನು ಸೇರಿಸಿ, ಅವರಿಂದ ಬರುವ ಕಮಾಂಡ್ ಪಾಯಿಂಟುಗಳನ್ನು (ವಿಶೇಷ ನಡೆಗಳಿಗೆ ತೆರುವ ಅಂಕಗಳನ್ನು) ಬೃಹತ್ ಯಂತ್ರಯೋಧರಿಗೆ ಖರ್ಚು ಮಾಡುವುದು ರೂಢಿಯಾಯಿತು. ಆಟಗಾರರು ಅದನ್ನು ‘ಸೂಪ್’ ಎಂದು ಕರೆದರು. 2020ರಲ್ಲಿ ಹೆಚ್ಚುವರಿ ತುಕಡಿ ತರುವವನೇ ಆ ಪಾಯಿಂಟುಗಳನ್ನು ತೆರಬೇಕೆಂದು ನಿಯಮ ತಿರುಗಿತು. ನನ್ನ ಮೊದಲ ಸೈನ್ಯವೂ ಸೂಪೇ ಆಗಿತ್ತು. ನನಗೆ ಬೇಕಾಗಿದ್ದದ್ದು 2012ರ ಆ ಅಪನಂಬಿಕೆ.

ಆದ್ದರಿಂದ ನಮ್ಮದೇ ನಿಯಮ ಬರೆದುಕೊಂಡೆವು. ಅಹ್ಮದ್‌ನಗರಕ್ಕೆ 12, ಬಿಜಾಪುರಕ್ಕೆ 12, ಗೋಲ್ಕೊಂಡಕ್ಕೆ 8, ಬೀದರಕ್ಕೆ 4 ಬೇಸು. ನಾಲ್ವರಿಗೂ ಬೇರೆ ಬೇರೆ ಬಣ್ಣದ ದಾಳ. ಅದರಲ್ಲಿ ಬಿದ್ದಷ್ಟು ನಡೆಗಳನ್ನು ಆತನ ಬೇಸುಗಳಿಗಷ್ಟೇ ಬಳಸಬೇಕು, ಸಾಲ ಕೊಡುವಂತಿಲ್ಲ. ಬೇರೆ ಸುಲ್ತಾನನ ಬೇಸಿಗೆ ತಾಗಿ ನಿಂತ ದಳಕ್ಕೆ ಸರದಿಯ ಆರಂಭದಲ್ಲಿ ಒಂದು ದಾಳ, ಒಂದು ಬಿದ್ದರೆ ಅದು ಕದಲುವುದಿಲ್ಲ. ಮೂರನೆಯ ಒಂದು ಪಾಲು ಕಳೆದುಕೊಂಡ ಸುಲ್ತಾನ ಉಳಿದವರನ್ನು ಕೇಳದೆ ಹಿಂದೆಗೆಯುತ್ತಾನೆ. ಹೀಗಾಗಿ ಎರಡು ಬೇಸು ಹೋದರೆ ಬೀದರವೇ ಹೋದಂತೆ. ಬೀದರದ ಸುಲ್ತಾನ ಅಲಿ ಬರೀದನನ್ನು ಎಡಪಕ್ಕದಲ್ಲಿ ಕುತುಬ್‌ಶಾನ ಮಗ್ಗುಲಿಗೆ ಜೋಪಾನವಾಗಿ ಇಡಬೇಕಾಯಿತು. ಅವರಿಬ್ಬರೂ ನಿಜವಾಗಿ ನಿಂತದ್ದು ಅಲ್ಲಿಯೇ. ನಡುವೆ ನಿಜಾಮ್‌ಶಾ, ಬಲಕ್ಕೆ ಆದಿಲ್‌ಶಾ.

ಆಜ್ಞೆ ನಾಲ್ಕಾದ ಮೇಲೆ ಕಣ್ಣಿಗೆ ಸೈನ್ಯ ಒಂದಾಗಿ ಕಾಣಬೇಕಲ್ಲ, ಅದನ್ನು ನೆಲದಿಂದ ಸಾಧಿಸಿದೆ. ಧ್ವಜ ಮತ್ತು ಕುದುರೆಯ ಜೂಲುಗಳಿಗೆ ಮೇಜಿನ ಮೇಲೆ ಗುರುತಾಗಲೆಂದು ಹಸಿರು, ಹಳದಿ, ಕೆಂಪು, ನೀಲಿ ಎಂದು ನಾನೇ ಹಂಚಿಕೊಟ್ಟೆ. ಬೇಸಿನ ಮಣ್ಣು ಮಾತ್ರ ಎಲ್ಲರಿಗೂ ಒಂದೇ. ದಕ್ಷಿಣ ಸೊಲ್ಲಾಪುರ ತಾಲೂಕಿನ ನಮ್ಮ ಹೊಲದ ಎರೆಮಣ್ಣನ್ನು ಒಣಗಿಸಿ, ಕುಟ್ಟಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ಫೆವಿಕಾಲಿನಲ್ಲಿ ಕಲಸಿ ಹಚ್ಚಿದೆ. ಮರುದಿನ ನೋಡಿದರೆ ಬೇಸಿಗೊಂದು ಬಿರುಕು, ಬೇಸಿಗೆಯ ಹೊಲದ ಹಾಗೆ. ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗುವುದು ಎರೆಯ ಸ್ವಭಾವ. ಒಂದು ಪಾಲು ಮಣ್ಣಿಗೆ ಎರಡು ಪಾಲು ಸಣ್ಣ ಮರಳು ಬೆರೆಸಿ, ಎರಡು ತೆಳುವಾದ ಲೇಪಗಳಲ್ಲಿ ಹಚ್ಚಿ, ಪ್ರತಿ ಲೇಪವನ್ನೂ ನೆರಳಿನಲ್ಲಿ ಒಣಗಿಸಿದ ಮೇಲೆ ಬಿರುಕು ನಿಂತಿತು. ನಮ್ಮ ಭಾಗದಲ್ಲಿ ಜನವರಿಯೆಂದರೆ ಹಿಂಗಾರಿ ಜೋಳ ತೆನೆ ಕಟ್ಟಿ ನಿಲ್ಲುವ ಕಾಲ. ಅದಕ್ಕಾಗಿ ಅಂಗಡಿಯ ಕಡುಹಸಿರು ಹುಲ್ಲನ್ನು ಬಿಟ್ಟು, ಹಳೆಯ ಬಣ್ಣದ ಕುಂಚದ ಕೂದಲನ್ನು ಮಾಸಲು ಹಳದಿಗೆ ಅದ್ದಿ ಕತ್ತರಿಸಿ ನೆಟ್ಟೆ. ಈ ಒಂದು ಕೆಲಸದಿಂದ ನಾಲ್ಕು ಬಣ್ಣಗಳ ಸೈನ್ಯ ಮೂರಡಿ ದೂರದಿಂದ ಒಂದೇ ದಂಡಾಗಿ ಕಾಣಿಸಿದ್ದನ್ನು ಕಂಡ ದಿನ ನನಗಾದ ಸಂತೋಷ ಈಗಲೂ ಮಾಸಿಲ್ಲ.

ಎತ್ತರದ ತೊಡಕೂ ಇತ್ತು. ದಖ್ಖನಿ ಬೊಂಬೆಗಳು ಪ್ರತ್ಯೇಕವಾಗಿ ಸಿಗದ ಕಾರಣ ಮೊಗಲ್ ಸವಾರರನ್ನೂ ನಿಜಾಮ್‌ಶಾನ ರೂಮಿ ಗೋಲಂದಾಜರಿಗಾಗಿ ತುರ್ಕಿ ತೋಪಿನವರನ್ನೂ ಬೇರೆ ಬೇರೆ ತಯಾರಕರಿಂದ ತರಿಸಿದ್ದೆ. ಕೆಲವರು 18 ಮಿಲಿಮೀಟರ್‌ನಷ್ಟು ಎತ್ತರವಿದ್ದರು. ಗಿಡ್ಡ ಬೊಂಬೆಗಳ ಪಾದದಡಿಗೆ ಮದುವೆ ಪತ್ರಿಕೆಯ ದಪ್ಪ ಕಾಗದದ ತುಂಡಂಟಿಸಿ ಮಣ್ಣಿನಲ್ಲಿ ಮುಚ್ಚಿದೆ. ಒಂದೇ ಬೇಸಿನಲ್ಲಿ ಇಬ್ಬರು ತಯಾರಕರ ಬೊಂಬೆಗಳನ್ನು ಕೂಡಿಸಲಿಲ್ಲ.

ಹೊಸ ನಿಯಮದ ಮೊದಲ ಆಟದಲ್ಲೇ ಸೋತೆ. ಚರಿತ್ರೆಕಾರ ಫೆರಿಷ್ತಾ ಹೇಳುವಂತೆ ನಿಜಾಮ್‌ಶಾ 600 ತೋಪುಗಳನ್ನು ಮೂರು ಸಾಲಾಗಿ ನಿಲ್ಲಿಸಿ, ಅವು ಕಾಣದಂತೆ ಮುಂದೆ 2000 ಬಿಲ್ಲಾಳುಗಳನ್ನು ಇಟ್ಟಿದ್ದ. ಶತ್ರು ಹತ್ತಿರವಾದೊಡನೆ ಅವರು ಸರಿದು ತೋಪಿಗೆ ದಾರಿ ಬಿಟ್ಟರು. ನನ್ನಲ್ಲಿ ಅಹ್ಮದ್‌ನಗರದ ಹಸಿರು ಗುರುತಿನ ಬಿಲ್ಲಾಳುಗಳು ಕಡಿಮೆಯಿದ್ದುದರಿಂದ ಗೋಲ್ಕೊಂಡದವರನ್ನೇ ತೋಪುಗಳಿಗೆ ತಾಗಿಸಿ ಮುಂದೆ ನಿಲ್ಲಿಸಿದೆ. ವಿಜಯನಗರದ ಆನೆಗಳು ಒಂದು ಗೇಣು ದೂರಕ್ಕೆ ಬಂದ ಸರದಿಯಲ್ಲಿ ಆ ಬಿಲ್ಲಾಳುಗಳ ದಾಳದಲ್ಲಿ ಒಂದು ಬಿತ್ತು. ಅವರು ಸರಿಯಲಿಲ್ಲ, ಅವರ ಬೆನ್ನ ಹಿಂದಿನ ತೋಪು ಹಾರಲಿಲ್ಲ, ಆನೆಗಳು ಎರಡನ್ನೂ ತುಳಿದುಕೊಂಡು ಹೋದವು. ಅಣ್ಣನ ಮಗ ದಾಳವನ್ನು ಎತ್ತಿಕೊಳ್ಳದೆ ಬಹಳ ಹೊತ್ತು ನೋಡುತ್ತಾ ಕುಳಿತಿದ್ದ.

ತೋಪಿನ ಮುಂದಿನ ಪರದೆ ತೋಪಿನ ಒಡೆಯನದೇ ಆಗಿರಬೇಕು. ಅಹ್ಮದ್‌ನಗರದ ಲೆಕ್ಕದಲ್ಲಿ ಮೂರು ಕುದುರೆ ಬೇಸುಗಳನ್ನು ಕಳೆದು ಮೂರು ಬಿಲ್ಲಾಳುಗಳನ್ನು ಸೇರಿಸಿದ್ದೇನೆ. ಹಸಿರು ಬಳಿದು ಮುಗಿದಿದೆ, ಎರೆಮಣ್ಣಿನ ಎರಡನೆಯ ಲೇಪ ಈಗ ಕಿಟಕಿಯ ನೆರಳಿನಲ್ಲಿ ಒಣಗುತ್ತಿದೆ.