ಯುವ ಡಿಫೆನ್ಸ್ ಆಟಗಾರನನ್ನು ಬಿಟ್ಟುಕೊಡುವ ಮುನ್ನ

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ತಂಡವೊಂದು ತನ್ನ ಯುವ ಡಿಫೆನ್ಸ್ (ರಕ್ಷಣಾ) ಆಟಗಾರನನ್ನು ಬೇರೆ ತಂಡಕ್ಕೆ ಕೊಡಬೇಕೇ ಎಂದು ತೂಗುವಾಗ ಮೊದಲು ಅವನ ವಯಸ್ಸನ್ನು ನೋಡಬೇಕು. ಈ ಸ್ಥಾನದವರು ಸಾಮಾನ್ಯವಾಗಿ ಫಾರ್ವರ್ಡ್‌ಗಳಿಗಿಂತ (ದಾಳಿ ಆಟಗಾರರಿಗಿಂತ) ತಡವಾಗಿ ಪಕ್ವಗೊಳ್ಳುತ್ತಾರೆ; ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2009ರಲ್ಲಿ, ಎರಡನೆಯವರಾಗಿ ಆಯ್ಕೆಯಾದ ವಿಕ್ಟರ್ ಹೆಡ್ಮನ್ ಅವರಿಗೂ ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಸಲ್ಲುವ ನಾರಿಸ್ ಟ್ರೋಫಿ ದಕ್ಕಿದ್ದು 2018ರಲ್ಲಿ.

ಅನಂತರ ಅವನ ಆಟವನ್ನೇ ಗಮನಿಸಿ. ಎದುರಾಳಿಗಳು ಮೈಮೇಲೆ ಬೀಳುವಂತೆ ಒತ್ತಡ ಹೇರಿದಾಗ ಅವನು ಪಕ್ ಅನ್ನು (ಚೆಂಡಿನ ಬದಲು ಬಳಸುವ ಬಿಲ್ಲೆಯನ್ನು) ತನ್ನ ವಲಯದಿಂದ ನಿಯಂತ್ರಣದಲ್ಲಿಟ್ಟುಕೊಂಡು ಹೊರತರುತ್ತಾನೆಯೇ ಅಥವಾ ಗಾಬರಿಯಿಂದ ಅಂಕಣದ ಅಂಚಿನ ಗಾಜಿನತ್ತ ಹೊಡೆದು ಕೈತೊಳೆದುಕೊಳ್ಳುತ್ತಾನೆಯೇ, ಎದುರಾಳಿಯ ಮೊದಲ ಸಾಲಿನ ವಿರುದ್ಧ ತರಬೇತುದಾರ ಅವನನ್ನು ನಂಬಿ ಇಳಿಸುತ್ತಾರೆಯೇ, ಅನುಭವಿ ಜೊತೆಗಾರನಿಲ್ಲದಿದ್ದಾಗಲೂ ಅದೇ ಮಟ್ಟ ಉಳಿಯುತ್ತದೆಯೇ ಎಂಬುದು ಅಂಕಪಟ್ಟಿಗಿಂತ ಹೆಚ್ಚು ಹೇಳುತ್ತದೆ. ಪ್ಲಸ್-ಮೈನಸ್ ಅಂಕಿಯನ್ನು (ಆಟಗಾರ ಕಣದಲ್ಲಿದ್ದಾಗ ತಂಡ ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ವ್ಯತ್ಯಾಸವನ್ನು) ನಾನಂತೂ ಕೊನೆಯಲ್ಲಿಡುತ್ತೇನೆ; ಅದರಲ್ಲಿ ಗೋಲ್‌ಕೀಪರ್‌ನ ಪಾಲೂ ಸೇರಿರುತ್ತದೆ.

ಒಪ್ಪಂದವೂ ಮುಖ್ಯ. ಹದಿಹರೆಯದಲ್ಲೇ ಸಹಿ ಹಾಕಿದವನ ಮೊದಲ ಒಪ್ಪಂದ ಮೂರು ವರ್ಷದ್ದಾಗಿದ್ದು, ತಂಡದ ಒಟ್ಟು ಸಂಬಳಕ್ಕೆ ಮಿತಿಯಿರುವ ಲೀಗ್‌ನಲ್ಲಿ ಆ ಅಗ್ಗದ ವರ್ಷಗಳಿಗೇ ಬೆಲೆಯಿದೆ.

ಕೊನೆಗೆ, ಪ್ರತಿಯಾಗಿ ಏನು ಬರುತ್ತದೆ? 2016ರ ಜನವರಿಯಲ್ಲಿ ನ್ಯಾಶ್‌ವಿಲ್ ತಂಡವು ಯುವ ಡಿಫೆನ್ಸ್ ಆಟಗಾರ ಸೆತ್ ಜೋನ್ಸ್ ಅವರನ್ನು ಕೊಲಂಬಸ್‌ಗೆ ಕೊಟ್ಟು ಸೆಂಟರ್ (ಮಧ್ಯದ ಫಾರ್ವರ್ಡ್) ರಯಾನ್ ಜೊಹಾನ್ಸನ್ ಅವರನ್ನು ಪಡೆಯಿತು. ವೆಬರ್, ಯೋಸಿ, ಎಲ್ಲಿಸ್, ಎಕ್‌ಹೋಮ್ ಎಂಬ ಡಿಫೆನ್ಸ್ ಆಟಗಾರರು ಆಗಲೇ ಇದ್ದ ತಂಡಕ್ಕೆ ಆ ನಷ್ಟ ತಾಳಿಕೊಳ್ಳುವಂಥದ್ದಾಗಿತ್ತು. ಆದರೆ 2009ರಲ್ಲಿ ಮಾಂಟ್ರಿಯಲ್, ಸೆಂಟರ್ ಸ್ಕಾಟ್ ಗೋಮೆಜ್ ಅವರ ದುಬಾರಿ ಒಪ್ಪಂದವನ್ನು ಹೊತ್ತುಕೊಂಡು, ಇನ್ನೂ ಲೀಗ್‌ನಲ್ಲಿ ಆಡದಿದ್ದ ಡಿಫೆನ್ಸ್ ಆಟಗಾರ ರಯಾನ್ ಮೆಕ್‌ಡೊನಾ ಅವರನ್ನು ನ್ಯೂಯಾರ್ಕ್ ರೇಂಜರ್ಸ್‌ಗೆ ಬಿಟ್ಟುಕೊಟ್ಟಿತು. ಮೆಕ್‌ಡೊನಾ 2014ರಲ್ಲಿ ರೇಂಜರ್ಸ್ ನಾಯಕರಾದರು. ನಿಮ್ಮಲ್ಲಿ ಅದೇ ಬದಿಯಲ್ಲಿ ಆಡಬಲ್ಲ ಇನ್ನಿಬ್ಬರು ಸಿದ್ಧರಿಲ್ಲದಿದ್ದರೆ ಮಾತುಕತೆಯನ್ನು ಮುಂದೂಡುವುದೇ ಲೇಸು.