ಒಡೆದ ಪ್ಯಾಕೆಟ್ಟಿನ ರಾಡ್

ಬೆಂಗಳೂರಿನ ಅಂದ್ರಹಳ್ಳಿ ಕಡೆ ನನ್ನದೊಂದು ಚಿಕ್ಕ ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಕಿಟಕಿ ಗ್ರಿಲ್ಲು, ಮೆಟ್ಟಿಲ ಕಂಬಿ ಇವೇ ದಿನದ ಕೆಲಸ. ಆಗಾಗ ಪೀಣ್ಯದ ಕಾರ್ಖಾನೆಗಳಿಂದ ರಿಪೇರಿ ಬರುತ್ತದೆ. ಮೊದಲ ಆರೇಳು ವರ್ಷ ನಾನು ಬಳಸಿದ್ದು 6013 ಅನ್ನುವ ವೆಲ್ಡಿಂಗ್ ರಾಡ್ ಒಂದನ್ನೇ. ಎಸ್‌ಜೆಪಿ ರೋಡಿನ ಅಂಗಡಿಗೆ ಹೋಗಿ '10 ನಂಬರ್ ಎರಡು ಪ್ಯಾಕೆಟ್, 12 ನಂಬರ್ ನಾಲ್ಕು' ಅಂದರೆ ಮುಗಿಯಿತು. 10 ನಂಬರ್ ಅಂದರೆ 3.15 ಮಿ.ಮೀ. ದಪ್ಪದ ರಾಡ್, 12 ಅಂದರೆ 2.5.

6013 ಒಳ್ಳೆಯ ರಾಡ್. ಮುಟ್ಟಿಸಿದ ಕೂಡಲೇ ಹತ್ತಿಕೊಳ್ಳುತ್ತದೆ, ಹಳೆಯ ಟ್ರಾನ್ಸ್‌ಫಾರ್ಮರಿನಲ್ಲೂ ಇನ್ವರ್ಟರಿನಲ್ಲೂ ಓಡುತ್ತದೆ, ವೆಲ್ಡಿನ ಮೇಲೆ ಕೂರುವ ಸ್ಲ್ಯಾಗ್ ಪದರ ಸಿಪ್ಪೆಯ ಹಾಗೆ ಏಳುತ್ತದೆ. ಮನೆಗೇಟಿಗೆ ಇದಕ್ಕಿಂತ ಬೇರೆ ಬೇಡ. ಅಲ್ಲಿ ನೋಡಬೇಕಾದದ್ದು ದಪ್ಪ. 16 ಗೇಜ್ ಪೈಪಿನ ಗೋಡೆ 1.6 ಮಿ.ಮೀ. ಮಾತ್ರ. ಅದಕ್ಕೆ 3.15ರ ರಾಡ್ ಹಿಡಿದರೆ ತೂತು ಬಿದ್ದೇ ಬೀಳುತ್ತದೆ. ನಾನು 2 ಮಿ.ಮೀ. ರಾಡ್ ತೆಗೆದುಕೊಂಡು 50 ಆಂಪಿಯರ್ ಆಸುಪಾಸಿನಲ್ಲಿ ಇಟ್ಟು, ಚುಕ್ಕಿ ಚುಕ್ಕಿಯಾಗಿ ಹೊಡೆಯುತ್ತೇನೆ. 2.5ಕ್ಕೆ 60ರಿಂದ 90, 3.15ಕ್ಕೆ 90ರಿಂದ 130. ಮೆಷಿನ್ನಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಉದ್ದದ ಕೇಬಲ್ ಎಳೆದು ಮೂರನೇ ಮಹಡಿಯಲ್ಲಿ ಕೆಲಸ ಮಾಡುವಾಗ ಅದೇ 90 ಸಾಲದೆ ಹೋಗುತ್ತದೆ.

ರಾಡಿನ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಒಂದು ಶಾಫ್ಟು. ಕಾರ್ಖಾನೆಯೊಂದರಿಂದ 50 ಮಿ.ಮೀ. ದಪ್ಪದ, ಇಎನ್8 ಅನ್ನುವ ಉಕ್ಕಿನ ಶಾಫ್ಟ್ ಬಂತು. ಅದನ್ನು 20 ಮಿ.ಮೀ. ಎಂಎಸ್ (ಮಾಮೂಲಿ ಮೆದು ಉಕ್ಕಿನ) ಪ್ಲೇಟಿಗೆ ಕೂರಿಸಬೇಕು, ಭಾರ ಎತ್ತುವ ಟ್ರಾಲಿಗೆ. ಇದಕ್ಕೆ 6013 ಆಗದು ಅನ್ನುವಷ್ಟು ಗೊತ್ತಿತ್ತು. ಎರಡು ತಿಂಗಳ ಹಿಂದೆ ಬೇರೊಂದು ಕೆಲಸಕ್ಕೆ ತಂದು ಅರ್ಧ ಉಳಿದಿದ್ದ 7018 ರಾಡಿನ ಪ್ಯಾಕೆಟ್ ಶೆಲ್ಫಿನ ಮೇಲಿತ್ತು. ಸೆಪ್ಟೆಂಬರ್, ದಿನಾ ಸಂಜೆ ಮಳೆ. ಸುತ್ತ ಮೂರು ರನ್ ಹಾಕಿ, ಸ್ಲ್ಯಾಗ್ ಬಡಿದು, ವೈರ್ ಬ್ರಶ್ ಉಜ್ಜಿದೆ. ವೆಲ್ಡಿನ ಗೆರೆ, ಅಂದರೆ ಬೀಡ್ ನೋಡಿ ನನಗೇ ಖುಷಿಯಾಯಿತು. ರಾತ್ರಿಯೇ ಕಳಿಸಿಕೊಟ್ಟೆ.

ಮಾರನೆಯ ದಿನ ಮಧ್ಯಾಹ್ನ ಸೂಪರ್‌ವೈಸರ್ ಫೋನು: 'ಸ್ವಲ್ಪ ಬಂದು ನೋಡಿ ಸಾರ್.' ಇನ್ನೂ ಒಂದು ಕೆಜಿ ಭಾರ ಕೂಡ ಹಾಕಿರಲಿಲ್ಲ. ವೆಲ್ಡಿನ ಅಂಚಿಗೆ, ಶಾಫ್ಟಿನ ಕಡೆ, ಕೂದಲೆಳೆಯ ಹಾಗೆ ಏನೋ ಕಾಣುತ್ತಿತ್ತು. ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು, ಒಣಬಟ್ಟೆಯಲ್ಲಿ ಒರೆಸಿ, ಚಾಕ್‌ಪೀಸ್ ಪುಡಿ ಉದುರಿಸಿದೆ. ಬಿಳಿ ಪುಡಿಯ ಮೇಲೆ ಒದ್ದೆ ಗೆರೆಯೊಂದು ನಿಧಾನವಾಗಿ ಮೇಲೆದ್ದು ಬಂತು. ಶಾಫ್ಟಿನ ಅರ್ಧ ಸುತ್ತು. ಕೈಕಾಲು ತಣ್ಣಗಾದವು. ಅದರಡಿ ಜನ ಓಡಾಡುತ್ತಾರೆ.

ನನಗೆ ಕೆಲಸ ಕಲಿಸಿದ ಹಿರಿಯರು ಬಾಯ್ಲರ್ ಕೆಲಸದಲ್ಲಿ ಪಳಗಿದವರು. ಅವರ ಹತ್ತಿರ ಹೋಗಿ 7018ರಲ್ಲೇ ಹೊಡೆದಿದ್ದೆ ಅಂದೆ. ಅವರು ಕೇಳಿದ್ದು ಒಂದೇ ಮಾತು: 'ಪ್ಯಾಕೆಟ್ ಯಾವಾಗ ಒಡೆದಿದ್ದಪ್ಪಾ?'

ರಾಡಿನ ಹೆಸರಿನ ಮೊದಲ 60, 70 ಅನ್ನುವುದು ವೆಲ್ಡ್ ಎಳೆತ ತಡೆಯುವ ಶಕ್ತಿಯ ಲೆಕ್ಕ. ಚದರ ಇಂಚಿಗೆ 60,000 ಪೌಂಡ್, 70,000 ಪೌಂಡ್. ನಾನು ಅಷ್ಟನ್ನೇ ಓದಿಕೊಂಡಿದ್ದೆ. ಕೊನೆಯ ಅಂಕಿಗಳು ರಾಡಿನ ಮೇಲಿನ ಲೇಪನದ ಕಥೆ ಹೇಳುತ್ತವೆ. ನಮ್ಮ ಭಾರತೀಯ ಮಾನಕ ಐಎಸ್ 814ರ ಸಂಕೇತದಲ್ಲೂ 'ಇ' ಆದಮೇಲಿನ ಅಕ್ಷರ ಅದೇ: 'ಆರ್' ಇದ್ದರೆ ರುಟೈಲ್ (6013 ಈ ಜಾತಿ), 'ಬಿ' ಇದ್ದರೆ ಬೇಸಿಕ್. 7018 ಬೇಸಿಕ್ ಜಾತಿ. ವೆಲ್ಡಿಗೆ ಹೈಡ್ರೋಜನ್ ಸೇರಬಾರದೆಂದೇ ಮಾಡಿದ ಲೇಪನ. ಆದರೆ ಅದು ಗಾಳಿಯ ತೇವವನ್ನು ಹೀರುತ್ತದೆ. ಆ ನೀರು ಆರ್ಕಿನ, ಅಂದರೆ ರಾಡಿನ ತುದಿಯ ಕಿಡಿಯ, ಬಿಸಿಗೆ ಒಡೆದು, ಅದರ ಹೈಡ್ರೋಜನ್ ಕರಗಿರುವ ಲೋಹದೊಳಗೆ ಇಳಿಯುತ್ತದೆ. ಇಎನ್8ರಲ್ಲಿ ಕಾರ್ಬನ್ ಸುಮಾರು 0.4%, ತಣ್ಣನೆಯ ದಪ್ಪ ಶಾಫ್ಟು ಬಿಸಿಯನ್ನು ಸರ್ರನೆ ಎಳೆದುಕೊಂಡು ವೆಲ್ಡಿನ ಅಂಚು ಗಾಜಿನಂತೆ ಬಿರುಸಾಗುತ್ತದೆ. ಹೈಡ್ರೋಜನ್ ಅಲ್ಲಿ ಸೇರಿ, ಗಂಟೆಗಟ್ಟಲೆ ಆದಮೇಲೆ ಸೀಳುತ್ತದೆ. ಎರಡು ದಿನ ಬಿಟ್ಟು ಸೀಳುವುದೂ ಉಂಟು.

ಶಾಫ್ಟನ್ನು ವಾಪಸ್ ತಂದು ವೆಲ್ಡ್ ಪೂರ್ತಿ ಗ್ರೈಂಡ್ ಮಾಡಿ ತೆಗೆದೆ. ಪರಿಚಯದವರ ಓವನ್ನಿನಲ್ಲಿ ಹೊಸ ರಾಡುಗಳನ್ನು 300 ಡಿಗ್ರಿಗೆ ಎರಡು ಗಂಟೆ ಬೇಕ್ ಮಾಡಿದೆ. ಗ್ಯಾಸ್ ಟಾರ್ಚಿನಲ್ಲಿ ಶಾಫ್ಟನ್ನೂ ಪ್ಲೇಟನ್ನೂ 200 ಡಿಗ್ರಿಗೆ ಕಾಯಿಸಿ, ಆ ಬಿಸಿ ಇಳಿಯದ ಹಾಗೆ ಹೊಡೆದು, ಒಣ ಮರಳಿನಲ್ಲಿ ಹೂತು ರಾತ್ರಿಯಿಡೀ ಆರಲು ಬಿಟ್ಟೆ. ಎರಡು ದಿನ ಕಾದು, ಕೆಂಪು ಬಣ್ಣ ಇಳಿಸಿ ಬಿರುಕು ಹುಡುಕುವ ಡಿಪಿ ಟೆಸ್ಟ್ ಮಾಡಿದೆ. ಕೆಂಪು ಗೆರೆ ಎಲ್ಲೂ ಏಳಲಿಲ್ಲ. ಆಮೇಲೇ ಕಳಿಸಿದ್ದು.

7018 ಹಿಡಿಯುವುದೇ ಬೇರೆ ರೀತಿ. ಆರ್ಕ್ ಗಿಡ್ಡ ಇರಬೇಕು, ರಾಡಿನ ದಪ್ಪಕ್ಕಿಂತ ಹೆಚ್ಚು ಎತ್ತಿದರೆ ಒಳಗೆ ಗುಳ್ಳೆ. ನಿಲ್ಲಿಸಿ ಮತ್ತೆ ಹಚ್ಚುವಾಗ ತುದಿಗೆ ಸ್ಲ್ಯಾಗಿನ ಗಾಜಿನಂಥ ಮುಚ್ಚಳ ಕೂತಿರುತ್ತದೆ, ಅದನ್ನು ಮೊದಲು ಒಡೆಯಬೇಕು. ನನ್ನ ಹಳೆಯ ಟ್ರಾನ್ಸ್‌ಫಾರ್ಮರಿನಲ್ಲಿ ಅದು ಅಂಟಿಕೊಳ್ಳುತ್ತಲೇ ಇತ್ತು; ಎಸಿಯಲ್ಲಿ ಓಡಲು ಸುಮಾರು 70 ವೋಲ್ಟ್ ಓಪನ್ ಸರ್ಕ್ಯೂಟ್ (ಆರ್ಕ್ ಹತ್ತುವ ಮೊದಲು ಮೆಷಿನ್ ಕೊಡುವ ವೋಲ್ಟೇಜ್) ಬೇಕು, ಅದರಲ್ಲಿ ಅಷ್ಟಿರಲಿಲ್ಲ. ಡಿಸಿ ಇನ್ವರ್ಟರಿನಲ್ಲಿ ಹೋಲ್ಡರ್ ಪಾಸಿಟಿವ್‌ಗೆ ಹಾಕಿದರೆ ಚೆನ್ನಾಗಿ ಓಡುತ್ತದೆ.

ಬೇರೆ ಲೋಹಗಳಿಗೆ ಬೇರೆ ರಾಡು: ಸ್ಟೇನ್‌ಲೆಸ್ 304 ಕಂಬಿಗೆ 308ಎಲ್, ಸ್ಟೇನ್‌ಲೆಸ್ಸನ್ನು ಎಂಎಸ್‌ಗೆ ಸೇರಿಸಲು 309ಎಲ್. ಬೀಡು ಕಬ್ಬಿಣಕ್ಕೆ ನಿಕ್ಕಲ್ ರಾಡ್, ಇಂಚಿಂಚೇ ಹೊಡೆದು, ಬಿಸಿ ಇರುವಾಗಲೇ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಕೈ ಮುಟ್ಟುವಷ್ಟು ಆರಿದ ಮೇಲೆ ಮುಂದಿನ ಇಂಚು.

ಈಗ ಯಾವ ಕೆಲಸ ಬಂದರೂ ನಾನು ಮೊದಲು ಕೇಳುವುದು ಇದು ಯಾವ ಉಕ್ಕು, ಎಷ್ಟು ದಪ್ಪ, ಬಿಟ್ಟುಕೊಂಡರೆ ಯಾರ ಮೇಲೆ ಬೀಳುತ್ತದೆ ಅಂತ. ಶೆಡ್ಡಿನಲ್ಲಿ 5 ಕೆಜಿಯ ಪೋರ್ಟಬಲ್ ಓವನ್ ಇದೆ, 120 ಡಿಗ್ರಿಯಲ್ಲಿ ಯಾವಾಗಲೂ ಆನ್. ಹೊರಗೆ ತೆಗೆದ 7018 ನಾಲ್ಕು ಗಂಟೆಯೊಳಗೆ ಮುಗಿಯಬೇಕು. ಉಳಿದದ್ದನ್ನು ಒಮ್ಮೆ ಮಾತ್ರ ಮತ್ತೆ ಬೇಕ್ ಮಾಡುತ್ತೇವೆ. ಆಮೇಲೂ ಉಳಿದರೆ ಹುಡುಗರು ಅದನ್ನು ಬೇರೆ ಡಬ್ಬಿಗೆ ಹಾಕುತ್ತಾರೆ. ಆ ಡಬ್ಬಿಯ ರಾಡ್ ಟೇಬಲ್ಲಿನ ಕಾಲು, ಹೂಕುಂಡದ ಸ್ಟ್ಯಾಂಡಿಗಷ್ಟೇ.